ಲಕ್ಷ್ಮಿ ಬರೋ ಹೊತ್ತಿಗೇ ಸೊಳ್ಳೆಯೂ

ಕೆರೆ ಪಕ್ಕ ಮನೆ, ಮನೆ ತುಂಬ ಬೇರೆಯವರ ಮಕ್ಕಳು, ಜೊತೆಗೊಬ್ಬರು ಅತ್ತೆ. ಇಷ್ಟಿದ್ದ ಮೇಲೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ, ದಿನಾ ಸಂಜೆ ಅವೇ ಬಾಗಿಲಿಗೆ ಬರುತ್ತವೆ. ಅಲ್ಲಾಳಸಂದ್ರದ ನಮ್ಮ ಮನೆಯ ಕೆಳಭಾಗದಲ್ಲಿ ನಾನು ಬಹಳ ವರ್ಷ ಬೇಬಿ ಸಿಟ್ಟಿಂಗ್ ನಡೆಸಿದೆ. ಈಗ ಹೇಳುತ್ತಿರುವುದು ಹೆಬ್ಬಾಳದಿಂದ ಏರ್‌ಪೋರ್ಟ್ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲದ ಮಾತು. ಆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಅಪ್ಪ ಅಮ್ಮಂದಿರು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅಲ್ಲಿಯವರೆಗೆ ಮಕ್ಕಳು ನಮ್ಮ ಪಾಲು, ನಮ್ಮ ಸೊಳ್ಳೆಗಳ ಪಾಲು.

೧. ಮುಂಬಾಗಿಲು, ಹಿತ್ತಿಲ ಬಾಗಿಲು

ನಮ್ಮ ಅತ್ತೆ ಇದೇ ಊರಿನವರು. ಈಗ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ರಾಗಿ ಬೆಳೆದವರು. ಹೊಲ ಹೋಗಿ ಸೈಟಾಯಿತು, ಸೈಟು ಹೋಗಿ ಮನೆಯಾಯಿತು, ಅತ್ತೆಯ ಒಂದು ನಿಯಮ ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ಪೂರ್ತಿ ತೆರೆದಿರಬೇಕು, ಲಕ್ಷ್ಮಿ ಒಳಗೆ ಬರುತ್ತಾಳೆ. ಹಿತ್ತಿಲ ಬಾಗಿಲು ಮುಚ್ಚಿರಬೇಕು, ಬಂದ ಲಕ್ಷ್ಮಿ ಆ ಕಡೆಯಿಂದ ಹೊರಟುಹೋಗಬಾರದು.

ಕೆರೆಯ ಸೊಳ್ಳೆಗಳಿಗೂ ಅದೇ ಮುಹೂರ್ತ. ಮುಂಬಾಗಿಲಿನಿಂದ ನೆಂಟರ ಹಾಗೆ ಬರುತ್ತಿದ್ದವು. ವಾಪಸ್ ಹೋಗೋಣವೆಂದರೆ ಹಿತ್ತಿಲ ಬಾಗಿಲು ಮುಚ್ಚಿರುತ್ತಿತ್ತು, ಪಾಪ.

ಉಳಿದ ಮಕ್ಕಳಿಗೆ ಸೊಳ್ಳೆ ಕಚ್ಚಿದರೆ ಸಾಸಿವೆಯಷ್ಟು ಕೆಂಪಾಗುತ್ತಿತ್ತು. ಪುಟ್ಟಿ ಎಂದು ನಾವು ಕರೆಯುತ್ತಿದ್ದ ಹುಡುಗಿಗೆ ಮಾತ್ರ ಕಚ್ಚಿದ ಜಾಗ ಉದ್ದಿನ ವಡೆಯ ಹಾಗೆ ಊದಿಕೊಳ್ಳುತ್ತಿತ್ತು. ಆಗಷ್ಟೇ ಮೂರು ತುಂಬಿದ ಮಗು. ಅವಳ ಅಮ್ಮ ಯಶವಂತಪುರದ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಳು, ಗಂಡನಿಗೆ ದೂರದ ಊರಿಗೆ ವರ್ಗವಾಗಿತ್ತು. ಒಂದು ಸಂಜೆ ಮಗುವಿನ ಕಾಲು ಸವರುತ್ತಾ ಹೇಳಿದಳು: “ಆಂಟಿ, ನಿಮ್ಮನ್ನ ಬಿಟ್ರೆ ಈ ಊರಲ್ಲಿ ನಂಗೆ ಯಾರೂ ಇಲ್ಲ. ಆದ್ರೆ ಮಗೂನ ಹಿಂಗೆ ನೋಡೋಕೂ ಆಗ್ತಿಲ್ಲ. ಏನಾದ್ರೂ ಮಾಡಿ. ಇಲ್ದಿದ್ರೆ ಕೆಲ್ಸ ಬಿಟ್ಟು ಮನೇಲಿ ಕೂರ್ತೀನಿ.”

ಅವಳು ಹೋದ ಮೇಲೆ ಧೈರ್ಯ ಮಾಡಿ ಕೇಳಿದೆ. “ಅತ್ತೆ, ಸಂಜೆ ಹೊತ್ತು ಒಂದು ಗಂಟೆ ಬಾಗ್ಲು ಹಾಕಿಡೋಣ್ವಾ?”

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಅಂದರು: “ಯಾಕೆ? ಲಕ್ಷ್ಮಿ ಬಂದು ಬೆಲ್ ಒತ್ತಿ ಕಾಯ್ಕಂಡು ನಿಂತ್ಕಬೇಕಾ?”

೨. ಮನೆಗೊಂದು ಮದ್ದು

ಬಾಗಿಲು ಮುಚ್ಚುವಂತಿಲ್ಲ ಎಂದಾದ ಮೇಲೆ ಸೊಳ್ಳೆ ಓಡಿಸುವುದೊಂದೇ ದಾರಿ. ನಿಮಗೆ ಗೊತ್ತಿರುವ ಮದ್ದು ಇದ್ದರೆ ಹೇಳಿ ಎಂದು ಎಲ್ಲ ತಂದೆತಾಯಿಯರಿಗೂ ಹೇಳಿದೆ. ಹೇಳುವುದೇನು, ಅವರು ಮಾರನೆಯ ದಿನ ಮಕ್ಕಳಿಗೆ ಹಚ್ಚಿಕೊಂಡೇ ಬಂದರು.

ಒಂದು ಮಗು ಬೇವಿನೆಣ್ಣೆಯಲ್ಲಿ ಮಿಂದು ಬಂದಿತ್ತು, ಎತ್ತಿಕೊಂಡರೆ ಕೈಯಿಂದ ಜಾರುತ್ತಿತ್ತು. ಇನ್ನೊಂದರ ಮೈಯೆಲ್ಲ ಬೆಳ್ಳುಳ್ಳಿ ವಾಸನೆ. ಅದರ ಪಕ್ಕ ಕೂತ ಮಗು ಮಧ್ಯಾಹ್ನ ಊಟಕ್ಕೆ ಮುಂಚೆಯೇ “ಆಂಟಿ, ಇವತ್ತು ಒಗ್ಗರಣೆ ಅನ್ನಾನಾ?” ಎಂದು ಕೇಳಿತು. ಮತ್ತೊಂದರ ಕೊರಳಲ್ಲಿ ಕರ್ಪೂರದ ಗಂಟು. ಅದು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದನ್ನು ಕಂಡು ಆ ಕ್ಷಣವೇ ಕಿತ್ತು ಎತ್ತಿಟ್ಟೆ. ಬಣ್ಣದ ಸೊಳ್ಳೆ ಬ್ಯಾಂಡ್ ಕಟ್ಟಿಕೊಂಡು ಬಂದ ಹುಡುಗನಿಗೆ ಬ್ಯಾಂಡಿನ ಅಂಚಿನಲ್ಲೇ ಸೊಳ್ಳೆ ಕಚ್ಚಿತ್ತು.

ಸಂಜೆ ಬಂದ ಒಬ್ಬ ಅಪ್ಪ ಇವನ್ನೆಲ್ಲ ನೋಡಿ ಮುಗುಳ್ನಕ್ಕರು. “ಆಂಟಿ, ಇದೆಲ್ಲ ಓಲ್ಡ್ ಮೆಥಡ್ಡು. ನನ್ನ ಫೋನಲ್ಲಿ ಒಂದು ಆ್ಯಪ್ ಇದೆ. ನಮ್ಗೆ ಕೇಳಿಸ್ದೆ ಇರೋ ಸೌಂಡ್ ಬರುತ್ತೆ, ಸೊಳ್ಳೆ ಹತ್ರನೇ ಸುಳಿಯಲ್ಲ” ಎಂದು ಫೋನನ್ನು ಸ್ಟೂಲಿನ ಮೇಲೆ ಇಟ್ಟರು. ನಾವೆಲ್ಲ ಉಸಿರು ಬಿಗಿಹಿಡಿದು ಸುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಎಲ್ಲಿಂದಲೋ ಒಂದು ಸೊಳ್ಳೆ ಬಂದು ಹೊಳೆಯುವ ಫೋನಿನ ಮೇಲೇ ಕೂತಿತು. ಅತ್ತೆ ಬಗ್ಗಿ ನೋಡಿ ಅಂದರು: “ಇದುಕ್ಕೂ ಕೇಳುಸ್ತಿಲ್ಲ ಅನ್ಸುತ್ತೆ. ಅದುಕ್ಕೇ ಅತ್ರ ಬಂದು ಕೂತದೆ.”

೩. ಲಕ್ಕಿ ಸೊಪ್ಪು

“ನಿಮ್ಮದು ಒಂದೂ ನಾಟಲ್ಲ, ನಮ್ಮ ಕಾಲದ್ದು ನೋಡು” ಎಂದು ಅತ್ತೆ ಒಂದು ದಿನ ಕೆರೆ ಕಡೆಯಿಂದ ಲಕ್ಕಿ ಸೊಪ್ಪಿನ ಹೊರೆ ತಂದರು. ಹಿಂದೆ ಕೊಟ್ಟಿಗೆಯಲ್ಲಿ ದನಗಳಿಗೆ ಇದರ ಹೊಗೆಯನ್ನೇ ಹಾಕುತ್ತಿದ್ದರಂತೆ. ಕೊಟ್ಟಿಗೆಗೆ ಗೋಡೆ ಇರಲಿಲ್ಲ, ನಮ್ಮ ಹಾಲ್‌ಗೆ ಇದೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕೆಂಡದ ಮೇಲೆ ಹಸಿಸೊಪ್ಪು ಬಿದ್ದದ್ದೇ ತಡ, ನನ್ನ ಕೈ ನನಗೆ ಕಾಣದಾಯಿತು. ಮಕ್ಕಳನ್ನೆಲ್ಲ ಬಾಚಿಕೊಂಡು ಕೆಮ್ಮುತ್ತಾ ರಸ್ತೆಗೆ ಓಡಿದೆ.

ಎದುರು ಮನೆಯವರು ಬೆಂಕಿ ಬಿದ್ದಿದೆ ಎಂದುಕೊಂಡರು. ಯಾರನ್ನೂ ಕೇಳಲಿಲ್ಲ, ಗಿಡಕ್ಕೆ ನೀರು ಹಾಕುವ ಪೈಪ್ ತಂದು ಕಿಟಕಿಯೊಳಗೆ ಬಿಟ್ಟೇಬಿಟ್ಟರು. ಹಾಸಿಗೆ, ಚಾಪೆ, ಗೊಂಬೆ ಎಲ್ಲ ತೊಪ್ಪೆಯಾದವು. ಕೊನೆಗೆ ಹೊಗೆಯೊಳಗಿಂದ ತೊಟ್ಟಿಕ್ಕುವ ಸೀರೆಯಲ್ಲಿ ಅತ್ತೆ ಹೊರಗೆ ಬಂದರು. ಅವರ ಮುಖದಲ್ಲಿ ಗೆದ್ದ ಕಳೆ.

“ನೋಡಿದ್ಯಾ? ಒಂದ್ ಸೊಳ್ಳೆ ಇಲ್ಲ ಒಳಗೆ.”

“ಅತ್ತೆ, ಮನುಷ್ಯರೂ ಇಲ್ಲ” ಎಂದೆ.

ಇಷ್ಟಾದರೂ ಆ ಎದುರು ಮನೆಯವರನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ. ನಿಜವಾಗಿ ಬೆಂಕಿ ಬಿದ್ದಿದ್ದರೂ ಅವರು ಹಾಗೇ ಓಡಿಬರುತ್ತಿದ್ದರು.

೪. ಎರಡು ಕೈಯ ಪರೀಕ್ಷೆ

ಇನ್ನು ಸ್ವಂತ ಬುದ್ಧಿ ಸಾಕು ಎನ್ನಿಸಿ ಯಲಹಂಕದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಪುಟ್ಟಿ, ಅವಳಮ್ಮ, ನಾನು. ಅತ್ತೆಯನ್ನು ಕರೆದಿರಲಿಲ್ಲ, ಆಟೋದಲ್ಲಿ ಮೊದಲೇ ಕೂತಿದ್ದರು.

ಆ ಡಾಕ್ಟರು ಪುಣ್ಯಾತ್ಮರು, ಹೊರಗೆ ಸಾಲು ನಿಂತಿದ್ದರೂ ಸಾವಧಾನವಾಗಿ ಹೇಳಿದರು. “ವಾಸನೆ ನೋಡಿ, ಡಬ್ಬದ ಮೇಲಿನ ಚಿತ್ರ ನೋಡಿ ತಗೋಬೇಡಿ. ಹಿಂದುಗಡೆ ಏನ್ ಔಷಧಿ, ಎಷ್ಟು ಪರ್ಸೆಂಟ್, ಎಷ್ಟು ವಯಸ್ಸಿಗೆ ಅಂತ ಬರ್ದಿರ್ತಾರೆ, ಅದನ್ನ ಓದಿ. ಇವಳ ವಯಸ್ಸಿಗೆ ಈ ಕ್ರೀಮ್ ಆಗುತ್ತೆ. ದೊಡ್ಡೋರು ತಮ್ಮ ಕೈಗೆ ಹಾಕ್ಕೊಂಡು ಮಗೂಗೆ ಹಚ್ಬೇಕು. ಬಟ್ಟೆ ಮುಚ್ದೆ ಇರೋ ಕಡೆ ಮಾತ್ರ. ಕಣ್ಣು ಬಾಯಿ ಹತ್ರ ಬೇಡ, ಗಾಯದ ಮೇಲೆ ಬೇಡ. ಅಂಗೈಗಂತೂ ಬೇಡವೇ ಬೇಡ, ನೆಟ್ಟಗೆ ಬಾಯಿಗೆ ಹೋಗುತ್ತೆ. ಮನೆಗೆ ಹೋದ್ಮೇಲೆ ಸೋಪ್ ಹಾಕಿ ತೊಳೀರಿ.”

ಪುಟ್ಟಿ ತನ್ನ ಅಂಗೈ ನೋಡಿಕೊಂಡು “ಇದಕ್ಕೆ ಬೇಡ” ಎಂದು ಗಟ್ಟಿ ಮಾಡಿಕೊಂಡಳು. ಹೊರಡುವಾಗ ಡಾಕ್ಟರು ಇನ್ನೊಂದು ಮಾತು ಸೇರಿಸಿದರು. “ಕ್ರೀಮ್ ಅರ್ಧ ಕೆಲ್ಸ ಅಷ್ಟೇ. ಇನ್ನರ್ಧಕ್ಕೆ ಕಿಟಕಿ ಬಾಗ್ಲಿಗೆ ಜಾಲರಿ ಹಾಕ್ಸಿ.”

ಅತ್ತೆ ಎದ್ದು ನಿಂತರು. “ಲಕ್ಷ್ಮಿ ಏನು ರಾಗಿ ಇಟ್ಟಾ ಡಾಕ್ಟ್ರೇ, ಜರಡಿ ಇಡ್ದು ಒಳಕ್ಕೆ ಬುಟ್ಕೊಳ್ಳಾಕೆ?”

ಕಿಟಕಿಗೆ ಜಾಲರಿ ಬಂತು, ಬಾಗಿಲಿಗೆ ಇಲ್ಲ. ಕ್ರೀಮನ್ನೂ ಅತ್ತೆ ಸುಮ್ಮನೆ ಒಪ್ಪಲಿಲ್ಲ. ಕಂಡವರ ಮಕ್ಕಳ ಮೈಗೆ ಹಚ್ಚುವ ಮುಂಚೆ ತಾನು ನೋಡಬೇಕು ಎಂದು ಬಲಗೈಗೆ ಹಚ್ಚಿಕೊಂಡು, ಎಡಗೈ ಹಾಗೇ ಬಿಟ್ಟು, ಸಂಜೆ ಮೆಟ್ಟಿಲ ಮೇಲೆ ಎರಡೂ ಕೈ ಚಾಚಿಕೊಂಡು ಕೂತರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು “ಏನಜ್ಜಿ, ಮೆಹಂದಿ ಒಣಗಿಸ್ತಿದೀರಾ? ಮನೇಲಿ ಮದ್ವೆನಾ?” ಎಂದಳು.

“ಊ ಕಣಮ್ಮಿ” ಅಂದರು ಅತ್ತೆ, ಕೈ ಅಲ್ಲಾಡಿಸದೆ. “ಎಡಗೈಗೆ ಆಗ್ಲೇ ದಿಬ್ಬಣ ಬಂದೈತೆ. ಬಲಗೈ ಇನ್ನೂ ದಾರಿ ಕಾಯ್ತಾ ಐತೆ.”

೫. ತೊಳೆಯುವ ಶಾಸ್ತ್ರ

ಅಂದಿನಿಂದ ಸಂಜೆ ಹಾಲು ಕುಡಿದ ಮೇಲೆ ಮಕ್ಕಳೆಲ್ಲ ಸಾಲಾಗಿ ಕೂರುವುದು, ನಾನು ಹಚ್ಚುವುದು ರೂಢಿಯಾಯಿತು. ಉಳಿದ ತಾಯಂದಿರೂ ಡಾಕ್ಟರನ್ನು ಕೇಳಿ ಅವರವರ ಮಕ್ಕಳ ವಯಸ್ಸಿಗೆ ತಕ್ಕ ಟ್ಯೂಬ್ ತಂದುಕೊಟ್ಟಿದ್ದರು. ಆದರೆ ಮನೆಗೆ ಹೋಗಿ ತೊಳೆಯಿರಿ ಎಂಬ ಮಾತು ಮಾತ್ರ ಯಾರ ಕಿವಿಗೂ ಹೋಗುತ್ತಿರಲಿಲ್ಲ. ದಿನಾ ಹೇಳುತ್ತಿದ್ದೆ, ದಿನಾ “ಓಕೆ ಆಂಟಿ” ಎನ್ನುತ್ತಿದ್ದರು. ಮಕ್ಕಳು ಬೆಳಿಗ್ಗೆ ಹಿಂದಿನ ಸಂಜೆಯ ಕ್ರೀಮಿನ ವಾಸನೆಯಲ್ಲೇ ಬರುತ್ತಿದ್ದರು.

ಅತ್ತೆ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡರು. ಬಂದವರಿಗೆಲ್ಲ ಒಂದೇ ಮಾತು: “ಮನೆಗೋದ ತಕ್ಷಣ ಸೋಪಾಕಿ ಮಗೀನ ಕೈಕಾಲು ತೊಳೀದೆ ಆಸಿಗೆ ಮ್ಯಾಲೆ ಬುಟ್ರೆ, ಮನೆ ಏಳ್ಗೆ ಆಗಾಕಿಲ್ಲ. ಆಮ್ಯಾಲೆ ನನ್ನ ಕೇಳ್ಬೇಡಿ.”

ಇಂಥ ಶಾಸ್ತ್ರ ನಾನಂತೂ ಎಲ್ಲೂ ಕೇಳಿರಲಿಲ್ಲ. ಆದರೆ ಮಾರನೆಯ ದಿನದಿಂದ ಮಕ್ಕಳು ಸೋಪಿನ ಘಮದಲ್ಲಿ ಬಂದರು. ಫೋನಿನ ಆ್ಯಪ್ ತಂದಿದ್ದ ಆ ಅಪ್ಪ ಒಂದು ಸಂಜೆ ಫೋನ್ ಮಾಡಿದರು. “ಆಂಟಿ, ಮಗು ಕಾರಲ್ಲೇ ನಿದ್ದೆ ಮಾಡ್ಬಿಟ್ಟಿದೆ. ಏಳಿಸಿ ತೊಳೀಲೇಬೇಕಾ, ಒರೆಸಿದ್ರೆ ನಡೆಯುತ್ತಾ? ಸ್ವಲ್ಪ ಅಜ್ಜಿನ ಕೇಳಿ ಹೇಳ್ತೀರಾ?”

ಅತ್ತೆ ಗಂಭೀರವಾಗಿ ಯೋಚಿಸಿ ಅಪ್ಪಣೆ ಕೊಡಿಸಿದರು. “ಸೋಪ್‌ನೀರಲ್ಲಿ ಬಟ್ಟೆ ಅದ್ದಿ ಚೆನ್ನಾಗಿ ಒರ್ಸಿದ್ರೂ ಆಯ್ತದೆ. ಆದ್ರೆ ಅವ್ರಪ್ಪ ತಣ್ಣೀರಲ್ಲಿ ಸ್ನಾನ ಮಾಡ್ಬೇಕು.”

ಮಾರನೆಯ ದಿನ ಮಗು ಗೆಲುವಾಗಿ ಬಂತು. ಅವರಪ್ಪನಿಗೆ ನೆಗಡಿ.

೬. ಜರಡಿ ಬಾಗಿಲು

ಪುಟ್ಟಿಯ ಕೈಕಾಲಿನ ವಡೆಗಳು ಇಳಿದವು. ಗೆದ್ದೆವು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, ಕ್ರೀಮ್ ಹಚ್ಚಬಾರದು ಎಂದು ಡಾಕ್ಟರು ಹೇಳಿದ ಜಾಗವನ್ನೇ ಒಂದು ಸೊಳ್ಳೆ ಆರಿಸಿಕೊಂಡಿತು. ರೆಪ್ಪೆಯ ಮೇಲೆ ಕಚ್ಚಿ, ಮಗುವಿನ ಒಂದು ಕಣ್ಣೇ ಮುಚ್ಚಿಹೋಯಿತು. ಅದು ಅಳಲಿಲ್ಲ. ಇನ್ನೊಂದು ಕಣ್ಣಲ್ಲಿ ಎಲ್ಲರನ್ನೂ ನೋಡುತ್ತಾ ಅತ್ತೆಯ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಅವಳಮ್ಮ ಬಂದಳು. ಬಯ್ಯಲಿಲ್ಲ. “ನೀವು ಮಾಡೋದೆಲ್ಲ ಮಾಡಿದೀರ ಆಂಟಿ. ಈ ತಿಂಗಳು ಮುಗೀಲಿ, ಕೆಲ್ಸ ಬಿಟ್ಬಿಡ್ತೀನಿ” ಎಂದಷ್ಟೇ ಹೇಳಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಡಾಕ್ಟರಿಗೆ ತೋರಿಸಲು ಹೋದಳು. ಅತ್ತೆ ಆ ಸಂಜೆ ಊಟ ಮಾಡಲಿಲ್ಲ. ತೆರೆದ ಬಾಗಿಲನ್ನೇ ನೋಡುತ್ತಾ ಕೂತಿದ್ದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬಡಗಿ ಬಂದು ಮುಂಬಾಗಿಲಿನ ಅಳತೆ ತೆಗೆಯುತ್ತಿದ್ದ. ನಾನು ಬೆರಗಾಗಿ ನೋಡಿದೆ. ಅತ್ತೆ ನನ್ನ ಕಡೆ ತಿರುಗದೆ ಅಂದರು: “ಆ ಎಣ್ಮಗಳು ಕೆಲ್ಸ ಬುಟ್ರೆ ಅವ್ಳ ಮನೆ ಲಕ್ಷ್ಮಿ ಆಚೆಗೋದಂಗೇ ಕಣಮ್ಮಿ. ನಮ್ಮನೆಗೆ ಲಕ್ಷ್ಮಿ ಕರ್ಯಾಕೋಗಿ ಇನ್ನೊಬ್ರ ಮನೆ ಲಕ್ಷ್ಮಿನ ಓಡ್ಸೋದಾ?”

ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಬದಲಿಗೆ ಬಡಗಿಗೆ ಕಾಫಿ ಮಾಡಲು ಹೋದೆ, ಅಳುವುದಕ್ಕೆ ಅಡುಗೆಮನೆಯೇ ಅನುಕೂಲ.

ಜಾಲರಿ ಬಾಗಿಲು ಬಂದ ಮೊದಲ ಸಂಜೆ ಅತ್ತೆ ದೀಪ ಹಚ್ಚಿ, ಮರದ ಬಾಗಿಲನ್ನು ಎಂದಿನಂತೆ ಪೂರ್ತಿ ತೆಗೆದು, ಜಾಲರಿ ಬಾಗಿಲನ್ನು ಮುಚ್ಚಿ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಹೊರಗೆ ನಿಂತರು. ಒಳಗೆ ಬರುವವರು ಯಾರೇ ಆಗಲಿ, ಸುತ್ತ ಟವೆಲ್ ಬೀಸಿ ಸೊಳ್ಳೆ ಓಡಿಸಿ, ಜಾಲರಿಯನ್ನು ಒಂದಿಷ್ಟೇ ತೆಗೆದು ಒಳಗೆ ತಳ್ಳುವುದು. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಅಂದು ನಮ್ಮ ಬಾಗಿಲಲ್ಲಿ ಕೈ ಎತ್ತಿ, ಗಿರಕಿ ಹೊಡೆದು, ಟವೆಲ್ ಸೇವೆ ಮಾಡಿಸಿಕೊಂಡರು.

ಕೊನೆಗೆ ಪುಟ್ಟಿಯ ಅಮ್ಮ ಬಂದಳು. ಟವೆಲ್ ಏಟು ತಿಂದು ಒಳಗೆ ಬಂದವಳು ಮಗುವಿನ ಕೈ, ಕಾಲು, ಕತ್ತು, ರೆಪ್ಪೆ ಎಲ್ಲ ನೋಡಿದಳು. ಹೊಸದಾಗಿ ಒಂದು ಗುರುತೂ ಇರಲಿಲ್ಲ. ಮತ್ತೆ ಮೊದಲಿಂದ ನೋಡಿದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಆಂಟಿ, ನಾಳೆ ಎಂಟೂವರೆಗೆ ಕರ್ಕೊಂಡ್ ಬರ್ತೀನಿ” ಎಂದಳು. ಪುಟ್ಟಿ ಶಾಲೆಗೆ ಸೇರುವವರೆಗೂ ಆ ಎಂಟೂವರೆ ತಪ್ಪಲಿಲ್ಲ. ಅವಳ ಅಮ್ಮ ಇಂದಿಗೂ ಹಬ್ಬಕ್ಕೆ ನಮ್ಮ ಮನೆಗೆ ಬಾರದೆ ಇರುವುದಿಲ್ಲ, ಆ ಋಣ ಯಾರದು ಯಾರಿಗೆ ಎಂಬುದು ನನಗೆ ತಿಳಿಯದು.

ಆದರೆ ಅಂದು ಪುಟ್ಟಿಗೆ ಬೇರೆಯೇ ಚಿಂತೆಯಿತ್ತು. ಜಾಲರಿಗೆ ಮೂಗು ಒತ್ತಿಕೊಂಡು ಕೇಳಿದಳು: “ಅಜ್ಜಿ, ಲಕ್ಷ್ಮಿ ಬಂದ್ರೂ ಟವೆಲ್ ಬೀಸ್ತೀಯಾ?”

“ಬೀಸ್ದೆ ಬುಡ್ತೀನಾ? ಪಾಪ, ಕೆರೆ ದಾಟ್ಕೊಂಡು ಬರೋಳು. ನಾಕು ಕೈ ಐತೆ ಅವ್ಳಿಗೆ. ನಾಕಕ್ಕೂ ಕ್ರೀಮ್ ಅಚ್ಚಿ ಒಳಕ್ ಬುಡ್ತೀನಿ.”

ಪುಟ್ಟಿ ಹೌಹಾರಿದಳು. “ಅಂಗೈಗೆ ಹಚ್ಬಾರ್ದು ಅಜ್ಜಿ! ಡಾಕ್ಟ್ರು ಹೇಳಿದಾರೆ!”

ಅತ್ತೆ ಒಳಗಿನ ಗೋಡೆಯ ಮೇಲಿದ್ದ ಲಕ್ಷ್ಮಿಯ ಪಟವನ್ನು ಜಾಲರಿಯಿಂದಲೇ ಇಣುಕಿ ನೋಡಿದರು. ಅಂಗೈಯಿಂದ ಹೊನ್ನಿನ ನಾಣ್ಯಗಳು ಸುರಿಯುತ್ತಲೇ ಇದ್ದವು.

“ಏ, ಅಂಗೈಗೆ ಯಾರಚ್ತಾರೆ ಬುಡವ್ವ” ಅಂದರು. “ಕಾಸು ಅಂಟ್ಕೊಂಡ್ಬುಟ್ರೆ?”