ಇಲ್ಲ ಎನ್ನುವವರು ಬೇಕಾಗಿದ್ದಾರೆ

ನನ್ನ ಚಿಕ್ಕಮ್ಮ ತನಗೆ ಆಗದವರನ್ನು ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಬೇರೆಯವರು ಜಗಳವಾಡಿ ದೂರವಾಗುತ್ತಾರೆ. ಇವಳು ಜಗಳವಾಡಿದ ಮೇಲೆಯೇ ಅವರನ್ನು ಕೆಲಸಕ್ಕೆ ಹಚ್ಚುವುದು. ಹಬ್ಬದ ದಿನ ಸಾರು ಕುದಿಸಿದರೆ ನಮಗ್ಯಾರಿಗೂ ರುಚಿ ನೋಡಲು ಕೊಡುವುದಿಲ್ಲ. "ನೀವೆಲ್ಲ ಚೆನ್ನಾಗದೆ ಅಂತೀರಿ, ನಿಮ್ಮಿಂದ ಏನ್ ಉಪಯೋಗ?" ಎಂದು, ಮೋರಿ ನೀರಿನ ವಿಚಾರಕ್ಕೆ ಮುನಿಸಿಕೊಂಡಿರುವ ಪಕ್ಕದ ಮನೆಯವಳಿಗೆ ಕಾಂಪೌಂಡಿನ ಮೇಲಿಂದ ಒಂದು ಲೋಟ ದಾಟಿಸುತ್ತಾಳೆ. ಅವಳು ಮುಖ ಕಿವುಚಿ "ಉಪ್ಪು ಸಾಲ್ದು" ಎಂದರೆ ಚಿಕ್ಕಮ್ಮನ ಮುಖ ಅರಳುತ್ತದೆ. ಲೋಟಗಳು ಮಾತ್ರ ಒಂದೂ ವಾಪಸ್ ಬಂದಿಲ್ಲ.

ಇದು ಅಡುಗೆಮನೆಯಲ್ಲಿ ಬಂದ ಬುದ್ಧಿಯಲ್ಲ. ಚಿಕ್ಕಮ್ಮ ಚಾಮರಾಜನಗರದ ಒಂದು ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಾಳೆ. ಅಲ್ಲೊಂದು ಮುದಿ ಸರ್ವರ್. ಹಳೆಯ ಸ್ಕ್ಯಾನುಗಳೆಲ್ಲ ಅದರ ಹೊಟ್ಟೆಯಲ್ಲಿ. ಅದರ ಮುಂದೆ ಹೊಸದಾಗಿ ಕೂರಿಸಿದ ಫೈರ್‌ವಾಲ್, ಅಂದರೆ ಹೋಗುವ ಬರುವವರನ್ನೆಲ್ಲ ತಡೆದು ನೋಡುವ ಕಾವಲುಗಾರ. ಗುಂಡ್ಲುಪೇಟೆಯ ಕ್ಲಿನಿಕ್ಕಿನಿಂದ ಕೇಳಿದರೆ ಹಳೆಯ ಸ್ಕ್ಯಾನು ಅಲ್ಲಿನ ಪರದೆಯ ಮೇಲೆ ಮೂಡುತ್ತಿತ್ತು. ಕಾವಲುಗಾರ ಬಂದ ಮೇಲೆ ನಿಂತಿತು.

ನಿಂತದ್ದು ಗೊತ್ತಾದ ದಿನ ಆ ಪರದೆಯ ಮುಂದೆ ಕೂತಿದ್ದವಳು ಚಿಕ್ಕಮ್ಮನ ವಾರಗಿತ್ತಿ, ಅಂದರೆ ಚಿಕ್ಕಪ್ಪನ ಅಣ್ಣನ ಹೆಂಡತಿ. ಅವಳ ಎದೆಯಲ್ಲೊಂದು ನೆರಳು ಕಂಡಿತ್ತು. ಈ ಸರ್ವರಿನಲ್ಲಿದ್ದ ಅವಳ ಹಳೆಯ ಸ್ಕ್ಯಾನಿನಲ್ಲೂ ಅಷ್ಟೇ ಇದ್ದರೆ ಹೆದರಬೇಕಿಲ್ಲ, ಬೆಳೆದಿದ್ದರೆ ಆಪರೇಷನ್. ವಾರಕ್ಕೊಮ್ಮೆ ಬರುವ ಡಾಕ್ಟರು ಮಧ್ಯಾಹ್ನಕ್ಕೆ ಹೊರಟುಬಿಡುವವರು.

ಈ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ತೆರಕಣಾಂಬಿಯ ಒಂದು ನಾಮಕರಣದಲ್ಲಿ ತೊಟ್ಟಿಲಿನ ಬಳಿ ಯಾರನ್ನು ಮೊದಲು ಕರೆದರು ಎಂಬುದೇ ಕಾರಣ ಎಂದು ನನ್ನ ನೆನಪು. ಅದು ನಾಮಕರಣವೇ ಅಲ್ಲ, ಗೃಹಪ್ರವೇಶ ಎನ್ನುತ್ತಾಳೆ ನಮ್ಮಮ್ಮ. ಹಾಗಾದರೆ ಆ ತೊಟ್ಟಿಲು ನನ್ನ ತಲೆಗೆ ಎಲ್ಲಿಂದ ಬಂತು? ನಾನು ಆ ದಿನ ಸ್ಕ್ಯಾನಿಂಗ್ ಸೆಂಟರಿಗೆ ಯಾಕೆ ಹೋಗಿದ್ದೆ ಎಂಬುದೂ ಮರೆತಿದೆ. ಫೋನಿನ ಮಾತು ಮಾತ್ರ ಕಿವಿಯಲ್ಲಿದೆ.

ಆ ಕಡೆ ಕ್ಲಿನಿಕ್ಕಿನ ಕಾಂಪೌಂಡರು. ಚಿಕ್ಕಮ್ಮ ಸ್ಪೀಕರ್ ಹಾಕಿದಳು.

"ಬಂತಾ?"

"ಬಂತು ಮೇಡಂ, ಪೂರ್ತಿ ಬಂತು."

"ಎದೆ ಕಾಣ್ತಾ ಅದಾ?"

"ಹೆಸ್ರು ಕಾಣ್ತಾ ಅದೆ. ಎದೆ ಒಂದು ಬಂದಿಲ್ಲ."

ಪಾಪ, ಮರ್ಯಾದಸ್ಥರು. ಹೆಂಗಸೊಬ್ಬಳು ಅಷ್ಟು ದೂರದಿಂದ ಒದ್ದಾಡುತ್ತಿರುವಾಗ ಇಲ್ಲ ಎನ್ನಲು ಬಾಯಿ ಬಾರದು.

ನಾನು ಸಲಹೆಗೆ ನಿಂತೆ. "ಪೆನ್‌ಡ್ರೈವ್‌ಗೆ ಹಾಕಿ ಬಸ್ಸಲ್ಲಿ ಕಳಿಸನ."

"ಇದು ಹುಟ್ದಾಗ ಪೆನ್‌ಡ್ರೈವ್ ಹುಟ್ಟಿರ್ಲಿಲ್ಲ ಕಣ್ಲಾ."

"ಸರ್ವರನ್ನೇ ಬಸ್ ಹತ್ತಿಸಿದ್ರೆ?"

"ಒಂದ್ ಸಲ ಮಲಗ್ಸುದ್ರೆ ಎದ್ದೇಳಕ್ಕಿಲ್ಲ. ಸುಮ್ಕಿರು."

ಸುಮ್ಮನಿರದೆ ಪರದೆಯ ಫೋಟೊ ತೆಗೆದು ಕಳಿಸಿದೆ. "ಫೋಟೊದ ಫೋಟೊ ನೋಡಿ ಏನ್ರೀ ಹೇಳಲಿ?" ಎಂದರು ಡಾಕ್ಟರು.

ಚಿಕ್ಕಮ್ಮನ ಲೆಕ್ಕ ಬೇರೆಯೇ ಇತ್ತು. ಮುದಿ ಸರ್ವರ್ ಹೆಸರನ್ನು ಒಂದು ಬಾಗಿಲಿಂದ ಕೊಟ್ಟು, ಚಿತ್ರವನ್ನು ಇನ್ನೊಂದರಿಂದ ಕಳಿಸುತ್ತದೆ. ಆ ಇನ್ನೊಂದರಲ್ಲಿ ಕಾವಲುಗಾರ ಚಿತ್ರವನ್ನು ಹಿಡಿದು ನುಂಗುತ್ತಾನೆ. ಬಿಡುವುದಿಲ್ಲ ಎಂದು ಹೇಳುವುದೂ ಇಲ್ಲ. "ಇವ್ನೂ ಕಾಂಪೌಂಡರ್ ಜಾತಿನೇ. ಇಲ್ಲ ಅಂದ್ರೆ ಯಾವ್ ಬಾಗ್ಲು ಅಂತ ಗೊತ್ತಾಯ್ತದೆ. ನುಂಗ್ಕಂಡು ಕೂತ್ರೆ ಎಲ್ಲಿ ಹುಡುಕನ?" ಎಂದವಳೇ, ತಡೆದರೆ ತಡೆದೆ ಎಂದು ಬಾಯಿಬಿಟ್ಟು ಹೇಳಬೇಕೆಂದು ಫೈರ್‌ವಾಲಿಗೆ ಹೊಸ ಅಪ್ಪಣೆ ಬರೆದಳು. ಆಮೇಲೆ ಫೋನಿಗೆ ಬಗ್ಗಿದಳು. "ಅಲ್ಲಿ ಕೂತವ್ಳಲ್ಲ ಆಯಮ್ಮ, ಅವ್ಳ ಕೈಗೆ ಕೊಡಿ."

"ಪರದೆ ನೋಡು. ಬಂತಾ?"

"ಬಂದಿಲ್ಲ," ಎಂದಳು ವಾರಗಿತ್ತಿ. "ನಿನ್ ಕೈಲಿ ಬರೋದೂ ಇಲ್ಲ ಬುಡು."

"ಸರಿ. ಈಗ?"

"ಈಗ್ಲೂ ಇಲ್ಲ. ಕೆಂಪಕ್ಷರದಲ್ಲಿ ಏನೋ ಬೈದದೆ."

"ಅದ್ನೇ ಓದು."

ಮದುವೆಮನೆಯಲ್ಲಿ ಮುಯ್ಯಿ ಓದುವವರ ಗತ್ತಿನಲ್ಲಿ ಅವಳು ತಡೆದ ಬಾಗಿಲಿನ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದಳು. ಕೊನೆಗೆ ತನ್ನದೊಂದು ಮಾತು ಸೇರಿಸಿದಳು: "ಇಷ್ಟ್ ವರ್ಷದಿಂದ ಕಂಪ್ಯೂಟರ್ ಕುಟ್ತಾ ಇದ್ದೀಯಲ್ಲ, ಇಷ್ಟೇನಾ?"

ಚಿಕ್ಕಮ್ಮ ನನ್ನತ್ತ ತಿರುಗಿ ಕಣ್ಣರಳಿಸಿದಳು. "ನೋಡ್ಲಾ, ಒಂದಂಕಿ ತಪ್ಪಿಲ್ಲ." ಇಡೀ ಜಿಲ್ಲೆಯಲ್ಲಿ ಇಂಥ ನಂಬಿಕಸ್ತ ಯಂತ್ರ ಇನ್ನೊಂದಿಲ್ಲ ಎಂಬ ಹೆಮ್ಮೆ. ಆ ಒಂದು ಬಾಗಿಲನ್ನು ಆ ಒಂದು ಕ್ಲಿನಿಕ್ಕಿಗೆ ಮಾತ್ರ ತೆರೆದಳು.

"ಈಗ?"

ಹಿಂದಿನಿಂದ ಕಾಂಪೌಂಡರು "ಬಂತು ಬಂತು" ಎಂದರು. ಯಾರೂ ನಂಬಲಿಲ್ಲ.

"ಬಂತು," ಎಂದಳು ವಾರಗಿತ್ತಿ.

ಆಮೇಲೆ ಆ ಕಡೆ ಡಾಕ್ಟರು ಕುರ್ಚಿ ಎಳೆದುಕೊಂಡ ಸದ್ದು. ಚಿಕ್ಕಮ್ಮ ಕೀಬೋರ್ಡಿನ ಮೇಲೆ ಬೆರಳಿಟ್ಟಿದ್ದಳು. ಒತ್ತುವುದಕ್ಕೆ ಏನೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಫೋನಿನಲ್ಲಿ ಮೆಲ್ಲನೆಯ ದನಿ ಬಂತು.

"ಹಳೇದೇ ಅಂತೆ ಕಣಮ್ಮಿ. ಅಷ್ಟೇ ಅದಂತೆ, ಬೆಳ್ದಿಲ್ವಂತೆ. ಭಯ ಏನಿಲ್ಲ ಅಂದ್ರು. ಹೊತ್ತಾಯ್ತು, ನೀನು ಊಟ ಮಾಡೋಗು."

ಚಿಕ್ಕಮ್ಮ ಬಿಳಿಚಿಕೊಂಡಳು. ಈ ದನಿಯಲ್ಲಿ ವಾರಗಿತ್ತಿ ಎಂದೂ ಮಾತಾಡಿದವಳಲ್ಲ.

"ಸುಳ್ಳೇಳ್ಬೇಡ ಅಕ್ಕ," ಎಂದಳು. "ಡಾಕ್ಟ್ರ ಕೈಗೆ ಕೊಡು ಫೋನ್ನ."

ಡಾಕ್ಟರು ಅದನ್ನೇ ಹೇಳಿದರು. ಇನ್ನೊಂದು ಸಲ ಅಳೆದು ನೋಡಿ ಎಂದಳು ಚಿಕ್ಕಮ್ಮ. ಅಳೆದು, ಅದನ್ನೇ ಹೇಳಿದರು. ಮತ್ತೊಂದು ಸಲ ಎಂದಳು. ಆ ಕಡೆಯಿಂದ ವಾರಗಿತ್ತಿ ಡಾಕ್ಟರಿಗೆ ಹೇಳುತ್ತಿದ್ದುದು ನಮಗೂ ಕೇಳಿಸಿತು:

"ಮೊದ್ಲು ಊಟ ಮಾಡಾಕೇಳಿ ಸಾ ಅವ್ಳಿಗೆ. ಬೆಳಗಿಂದ ಏನೂ ತಿಂದಿರಕ್ಕಿಲ್ಲ ಅವ್ಳು."