ಜಗುಲಿ ಗೂಡಿನ ಲೋಟ

ಪತ್ರಿಕೆಯವನ ಮನೆಯಲ್ಲಿ ಪತ್ರಿಕೆಯನ್ನು ಯಾರೂ ನಂಬುವುದಿಲ್ಲ. ಇದು ದೂರಲ್ಲ, ವರದಿ. ಬರೆಯುವವನನ್ನು ದಿನವೂ ಬನಿಯನ್ನಿನಲ್ಲಿ ನೋಡುವವರಿಗೆ ಅವನ ಅಕ್ಷರದ ಮೇಲೆ ಗೌರವ ಉಳಿಯುವುದಾದರೂ ಹೇಗೆ? ತಿಪಟೂರಿನಿಂದ ಸುದ್ದಿ ಕಳಿಸುವ ನಾನು ಪ್ರತಿ ಮಳೆಗಾಲದಲ್ಲೂ ಹೆಪಟೈಟಿಸ್ ಬಗ್ಗೆ ಒಂದು ಲೇಖನ ಬರೆಯುತ್ತೇನೆ. ಎ ಮತ್ತು ಇ ಬರುವುದು ಕೊಳಕು ನೀರು, ಆಹಾರದಿಂದ. ನೀರು ಕುದಿಸಿ, ಕೈ ತೊಳೆಯಿರಿ. ಬಿ ಮತ್ತು ಸಿ ಹರಡುವುದು ರಕ್ತದಿಂದ, ಶುಚಿಯಿಲ್ಲದ ಸೂಜಿ ಬ್ಲೇಡುಗಳಿಂದ. ಬಿ ಆದರೆ ದಾಂಪತ್ಯದಿಂದ ಮತ್ತು ತಾಯಿಯಿಂದ ಕೂಸಿಗೂ ಹರಡುತ್ತದೆ. ಬಿಗೆ ಲಸಿಕೆ ಇದೆ. ಸಿಗೆ ಇಲ್ಲ, ಆದರೆ ಮಾತ್ರೆಯಿಂದ ವಾಸಿಯಾಗುತ್ತದೆ. "ಎಷ್ಟು ಸಲ ಅದನ್ನೇ ಬರೀತೀಯಪ್ಪ, ಬೇರೆ ಸುದ್ದಿ ಸಿಗಲ್ವಾ?" ಎನ್ನುತ್ತಾಳೆ ಅವ್ವ.

ಹಿಂದೊಮ್ಮೆ ನನಗೇ ಕಾಮಾಲೆ ಬಂದಿತ್ತು, ನೀರಿನಿಂದ ಬರುವಂಥದ್ದು. ನಮ್ಮ ಸೀಮೆಯಲ್ಲಿ ಎಳನೀರು ಕೀಳುವುದೆಂದರೆ ಮುಂದಿನ ವರ್ಷದ ಕೊಬ್ಬರಿಯ ಕತ್ತು ಹಿಸುಕಿದಂತೆ. ಆದರೂ ನೆಂಟರಿಷ್ಟರು ನನಗಾಗಿ ಎಳನೀರು ಕೆಡವಿ ತಂದರು. ಅವ್ವ ಕಿಬ್ಬನಹಳ್ಳಿಯಿಂದ ಬೇರಿನ ಔಷಧಿ ತರಿಸಿ, ಉಪ್ಪು ಎಣ್ಣೆ ನಿಲ್ಲಿಸಿ, ನನ್ನನ್ನು ನೀರು ಬತ್ತಿದ ಕೊಬ್ಬರಿಯ ಹಾಗೆ ಒಣಗಿಸಿದಳು. ನೋಡಲು ಬಂದವರೆಲ್ಲ ನನ್ನ ಮಂಚದ ಮೇಲೆಯೇ ಕೂತು, ನನ್ನದೇ ಚೊಂಬೆತ್ತಿ ನೀರು ಕುಡಿದು, "ಬೇಗ ಹುಷಾರಾಗ್ಲಾ" ಎಂದು ಹರಸಿ ಹೋದರು. ಅವರಲ್ಲಿ ಇಬ್ಬರ ಕಣ್ಣು ಆಮೇಲೆ ಹಳದಿಯಾಯಿತು. ಅದಕ್ಕೆ ದೃಷ್ಟಿ ಕಾರಣವೆಂದು ತೀರ್ಮಾನವಾಯಿತು. ಆಗ ಯಾರೂ ಯಾರ ತಟ್ಟೆಯನ್ನೂ ಬೇರೆ ಇಡಲಿಲ್ಲ.

ಇಟ್ಟದ್ದು ಸವಿತಳಿಗೆ. ಸವಿತ ನನ್ನ ತಮ್ಮ ಮಹೇಶನ ಹೆಂಡತಿ. ಚೊಚ್ಚಲ ಬಸುರಿ. ಆಸ್ಪತ್ರೆಯಲ್ಲಿ ಎಲ್ಲ ಬಸುರಿಯರಿಗೂ ಮಾಡುವ ರಕ್ತಪರೀಕ್ಷೆಯಲ್ಲಿ ಅವಳಿಗೆ ಹೆಪಟೈಟಿಸ್ ಬಿ ಇದೆಯೆಂದು ತಿಳಿಯಿತು. ಡಾಕ್ಟರಮ್ಮ ಗಾಬರಿಪಡಿಸಲಿಲ್ಲ. ರಕ್ತದಲ್ಲಿ ವೈರಸ್ಸು ಎಷ್ಟಿದೆ ನೋಡೋಣ, ಬೇಕಾದರೆ ಮಾತ್ರೆ ಕೊಡೋಣ. ಕೂಸು ಹುಟ್ಟಿದ ತಕ್ಷಣ, ಗಂಟೆಗಳು ಉರುಳುವ ಮೊದಲು, ಅದಕ್ಕೆ ಲಸಿಕೆಯೂ ಇನ್ನೊಂದು ಇಂಜೆಕ್ಷನ್ನೂ ಬೀಳಬೇಕು. ಅದು ತಪ್ಪಿದರೆ ಕೂಸಿಗೆ ಜೀವಮಾನದ ಕಾಯಿಲೆ ಅಂಟಬಹುದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ತಟ್ಟೆ ಲೋಟದಿಂದ, ಜೊತೆಗೆ ಕೂತು ಉಣ್ಣುವುದರಿಂದ ಇದು ಹರಡುವುದಿಲ್ಲ.

ಇಷ್ಟನ್ನೂ ಅವ್ವನಿಗೆ ಬಿಡಿಸಿ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, ಎದ್ದು ಹೋಗಿ ಜಗುಲಿ ಗೂಡಿನಲ್ಲಿದ್ದ ಲೋಟ ತಂದು ಸವಿತಳ ಮುಂದಿಟ್ಟಳು. ಅದು ಕೊಬ್ಬರಿ ಸುಲಿಯಲು ಬರುವ ರಂಗಣ್ಣನ ಲೋಟ. ಅವನು ಅದರಲ್ಲೇ ಕಾಫಿ ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಾನೆ. ನಮ್ಮದು ಎಲ್ಲರೂ ಒಂದೇ ಎನ್ನುವ ವಚನಗಳನ್ನು ಗೋಡೆಗೆ ನೇತು ಹಾಕಿಕೊಂಡ ಮನೆ. ಬೇರೆ ಲೋಟಕ್ಕಾಗಿ ಅಂಗಡಿಗೆ ಹೋಗುವ ಪ್ರಮೇಯವೇ ನಮಗೆ ಬರಲಿಲ್ಲ.

"ಅವ್ವಾ, ಲೋಟದಿಂದ ಬರಲ್ಲ ಅಂತ ಈಗ ತಾನೆ ಹೇಳಿದೆ."

"ಬರಲ್ಲ ಅಂತ ನಂಗೂ ಗೊತ್ತು ಕಣಪ್ಪ. ಆದ್ರೂ ಒಂದು ಕ್ರಮ ಅಂತ ಇರ್ಲಿ ಬುಡು."

ಮಾರನೆಯ ವಾರ ರಂಗಣ್ಣ ಬಂದು ಗೂಡು ತಡಕಿ, ವಿಷಯ ತಿಳಿದು, ಅಂಗಳದಲ್ಲೇ ನಿಂತ. "ಅಲ್ಲ ಕಣವ್ವಾರೆ, ನನ್ ಲೋಟಕ್ಕೆ ಕಾಯ್ಲೆ ಹತ್ತಿಸಿಬಿಟ್ರಾ? ನಂಗೂ ಹೆಂಡ್ರು ಮಕ್ಕಳವ್ರೆ. ಅದ್ರಲ್ಲಿ ನಾನಿನ್ನು ಕುಡಿಯಾಕಿಲ್ಲ!" ಕೊಬ್ಬರಿ ಸುಲಿಯುವವನು ಸಿಗದ ಕಾಲ. ಅವ್ವ ಅವನಿಗೆ ಮಿರಮಿರ ಮಿಂಚುವ ಹೊಸ ಸ್ಟೀಲ್ ಲೋಟ ತರಿಸಿದಳು. ಹೀಗೆ ನಮ್ಮ ಮನೆಯ ಸೊಸೆ, ರಂಗಣ್ಣ ಬೇಡವೆಂದ ಲೋಟದ ಹಕ್ಕುದಾರಳಾದಳು.

ಅಷ್ಟರಲ್ಲಿ ತುರುವೇಕೆರೆಯಿಂದ ಸವಿತಳ ತಾಯಿ ಬಂದರು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. "ಪರಿಚಯದೋರ ನರ್ಸಿಂಗ್ ಹೋಮ್ ಐತೆ. ಅಲ್ಲಿ ಈ ವಿಷಯ ಬಾಯಿ ಬುಡೋದು ಬ್ಯಾಡ. ನಾಳೆ ನಿನ್ ತಂಗಿ ಮದ್ವೆ ಆಗ್ಬೇಕು ಕಣೇ" ಎಂದರು. ಅವ್ವನಿಗೂ ಅದು ಒಪ್ಪಿಗೆಯಾಯಿತು. ಮಹೇಶ ಮೊಬೈಲಿನಲ್ಲಿ ಕೊಬ್ಬರಿ ಧಾರಣೆ ನೋಡುತ್ತಿದ್ದ. ಎರಡು ಮನೆಯ ಹಿರಿಯರು ಸೇರಿ, ಇನ್ನೂ ಹುಟ್ಟದ ಕೂಸಿನ ಇಂಜೆಕ್ಷನ್ ಅನ್ನು ಮರ್ಯಾದೆಗೆ ಬದಲಾಗಿ ಬಿಟ್ಟುಕೊಟ್ಟದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಏನು ಹೇಳಬೇಕೆಂದು ವಾಕ್ಯ ಜೋಡಿಸುವಷ್ಟರಲ್ಲಿ ಸವಿತಳೇ ಮಾತಾಡಿದಳು.

"ನಾನು ಇಲ್ಲೇ ಹೆರ್ತೀನಿ ಕಣಮ್ಮ. ಇಲ್ಲಿ ಲೋಟ ಬೇರೆ ಇಟ್ಟವ್ರೆ, ಇಟ್ಕೊಳ್ಳಲಿ. ಅಲ್ಲಿ ನೀನು ಬಾಯಿ ಮುಚ್ಚಿಸ್ತೀಯ. ಲೋಟದಿಂದ ನನ್ ಕೂಸಿಗೆ ಏನೂ ಆಗಲ್ಲ. ಬಾಯಿ ಮುಚ್ಕೊಂಡ್ರೆ ಆಗುತ್ತೆ."

ನನ್ನ ಅಷ್ಟೂ ಮಳೆಗಾಲದ ಲೇಖನಗಳಲ್ಲಿ ಇಂಥ ಒಂದು ವಾಕ್ಯ ಇಲ್ಲ.

ಹೆಣ್ಣು ಕೂಸು ತಿಪಟೂರಿನಲ್ಲೇ ಹುಟ್ಟಿತು. ಹೆರಿಗೆ ಕೋಣೆಗೆ ಹೋಗುವಾಗಲೂ ಸವಿತ ಎದುರು ಸಿಕ್ಕ ನರ್ಸುಗಳಿಗೆಲ್ಲ ತನ್ನ ಕಾಯಿಲೆಯ ಹೆಸರು ಹೇಳಿಕೊಂಡೇ ಹೋದಳಂತೆ. ಕೂಸಿಗೆ ಎರಡೂ ಇಂಜೆಕ್ಷನ್ ಬಿದ್ದವು. ಉಳಿದ ಲಸಿಕೆಗಳನ್ನು ತಪ್ಪಿಸದೆ ಹಾಕಿಸಿ, ಆಮೇಲೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಧೈರ್ಯವಾಗಿ ಎದೆಹಾಲು ಕೊಡಬಹುದು ಎಂದರು ಡಾಕ್ಟರಮ್ಮ. ಜೊತೆಗೆ, ಕಾಯಿ ಕೀಳುವುದಿದೆ, ಕೊಬ್ಬರಿ ಹರಾಜಿದೆ ಎಂದು ಅಷ್ಟು ದಿನ ತಪ್ಪಿಸಿಕೊಂಡಿದ್ದ ಮಹೇಶನನ್ನು ಹಿಡಿದು ರಕ್ತ ತೆಗೆಸಿದರು. ಅವ್ವ, ನಾನು, ನನ್ನ ಹೆಂಡತಿ ಮೂವರಿಗೂ ಏನೂ ಇರಲಿಲ್ಲ, ಲಸಿಕೆ ಶುರುವಾಯಿತು. ಮಹೇಶನಿಗೆ ಇತ್ತು, ಹಳೆಯದೇ ಇರಬೇಕು ಎಂದರು. ಇವನಿಂದ ಅವಳಿಗೋ ಅವಳಿಂದ ಇವನಿಗೋ ಎನ್ನುವುದು ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲವಂತೆ.

ಅವ್ವನಿಗೆ ಪರೀಕ್ಷೆಯೇ ಬೇಕಾಗಲಿಲ್ಲ. "ಅವಳಿಂದ್ಲೇ ಹತ್ತಿರೋದು. ಗಂಡಸು, ನಾಕು ಕಡೆ ತಿರುಗೋನು, ತಡ್ಕೋತಾನೆ ಬುಡು" ಎಂದು, ಅವನನ್ನು ಎಂದಿನ ಜಾಗದಲ್ಲಿ ಕೂರಿಸಿ, ಎಂದಿನ ತಟ್ಟೆಯಲ್ಲಿ ಮುದ್ದೆ ಇಟ್ಟು, ಮೇಲೆ ಒಂದು ಮಿಳ್ಳೆ ತುಪ್ಪ ಬಿಟ್ಟಳು.

ಬಾಣಂತಿ ಕೋಣೆಯಿಂದ ಸವಿತ ಕೇಳಿದಳು: "ಭಾವಾ, ನೀವು ಪೇಪರ್ನೋರು. ಯಾರಿಂದ ಯಾರಿಗೆ ಬಂದೈತೆ, ನೀವೇ ಹೇಳಿ."

ಮಹೇಶ ತುತ್ತು ನುಂಗುವುದನ್ನು ನಿಲ್ಲಿಸಿದ. ಅವ್ವ ಸೌಟು ಹಿಡಿದು ನನ್ನನ್ನೇ ನೋಡಿದಳು. ಖಚಿತವಾಗದ್ದನ್ನು ಬರೆಯಬಾರದು, ಎರಡೂ ಕಡೆಗೆ ಸಮನಾದ ಜಾಗ ಕೊಡಬೇಕು ಎಂದು ಸಂಪಾದಕರು ಕಲಿಸಿದ ಪಾಠ ನನಗೆ ಅಂದು ಬಹಳ ಅನುಕೂಲಕ್ಕೆ ಬಂತು. "ಎರಡೂ ಸಾಧ್ಯತೆ ಇದೆಯಮ್ಮ. ಹೇಳಕ್ಕಾಗಲ್ಲ" ಎಂದೆ.

ವರದಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಮ್ಮನ ಕಡೆ ಬೊಟ್ಟು ಮಾಡಲಿಲ್ಲವೆಂದು ಅವ್ವ ಮೆಚ್ಚಿಕೊಂಡು ನನಗೂ ಒಂದು ಮಿಳ್ಳೆ ತುಪ್ಪ ಬಿಟ್ಟಳು. ನಾನು ಬೇಡ ಎನ್ನಲಿಲ್ಲ.