ಐದನೇ ಬಣ್ಣದ ಪ್ರಗತಿ

ನಗರದ ಪ್ರಗತಿಯನ್ನು ಹೊಗೆಯಿಂದ ಅಳೆಯತಕ್ಕದ್ದೆಂದು ಪ್ರಗತಿ ಮಾಪನ ಕಚೇರಿಯ ಒಂಬತ್ತನೇ ನಿಯಮ ಹೇಳುತ್ತದೆ. ಕಾರ್ಖಾನೆಗಳ ಅಂಕಿಅಂಶ ಬರಲು ವರ್ಷ ಹಿಡಿಯುತ್ತದೆ. ಹೊಗೆ ಅವತ್ತಿಗವತ್ತೇ ಕಾಣುತ್ತದೆ.

ನೋಡುವ ಕೆಲಸ ಹೊಗೆ ಗುಮಾಸ್ತನದು. ದಿನಾ ಹತ್ತು ಗಂಟೆಗೆ ಕಚೇರಿಯ ತಾರಸಿ ಹತ್ತುತ್ತಿದ್ದ. ತಿಳಿ ಬೂದಿಯಿಂದ ಕಡುಗಪ್ಪಿನವರೆಗೆ ಐದು ಬಣ್ಣ ಬಳಿದ ರಟ್ಟನ್ನು ಬಟ್ಟೆ ಗಿರಣಿಯ ಚಿಮಣಿಯತ್ತ ಹಿಡಿದು, ಹೋಲುವ ಬಣ್ಣದ ಸಂಖ್ಯೆ ಬರೆಯುತ್ತಿದ್ದ. ಸಾಮಾನ್ಯವಾಗಿ ಮೂರು. ಹದಿನೆಂಟು ವರ್ಷ ಹೀಗೇ ನಡೆಯಿತು. ಗಿರಣಿಯ ಹಿಂದಿನ ಬೀದಿಯಲ್ಲೇ ಅವನ ಮನೆ. ಹೆಂಡತಿಯ ಕೆಮ್ಮೂ ಅಷ್ಟೇ ವರ್ಷದ್ದು.

ಗಿರಣಿಯವರು ಕಲ್ಲಿದ್ದಲು ಬಿಟ್ಟು ಬಿಸಿಲಿನಿಂದ ಓಡುವ ಯಂತ್ರ ತಂದರು. ಬಟ್ಟೆ ದುಪ್ಪಟ್ಟಾಯಿತು. ಹೊಗೆ ನಿಂತಿತು. ಒಂದು ದಿನ ಹೆಂಡತಿ ನೀರಿನ ಬಕೆಟ್ ಹಿಡಿದು ಎಲ್ಲೂ ನಿಲ್ಲದೆ ಮನೆಯ ಮಹಡಿ ಮೆಟ್ಟಿಲು ಹತ್ತಿಬಂದಳು.

"ಏನ್ರೀ, ನೋಡಿದ್ರಾ? ಒಂದು ಸಲವೂ ಕೂರಲಿಲ್ಲ!"

"ನೋಡ್ದೆ," ಎಂದ.

ರಟ್ಟಿನಲ್ಲಿ ಸೊನ್ನೆ ಇರಲಿಲ್ಲ. ಆದರೂ ಸೊನ್ನೆ ಬರೆದ.

ಮೇಲಧಿಕಾರಿ ಕರೆಸಿದರು.

"ಗಿರಣಿ ಮುಚ್ಚಿದ್ಯೇನ್ರೀ?"

"ಇಲ್ಲ ಸಾರ್. ಬಟ್ಟೆ ಎರಡರಷ್ಟು ಬರ್ತಿದೆ."

"ಹೊಗೆ?"

"ಇಲ್ಲ."

"ಹಾಗಾದ್ರೆ ಮುಚ್ಚಿದೆ."

ತನಿಖಾ ಸಮಿತಿ ಗಿರಣಿಗೆ ಹೋಯಿತು. ನಾನೂರು ಜನ ಕೆಲಸದಲ್ಲಿದ್ದರು. ಯಂತ್ರಗಳ ಸದ್ದಿಗೆ ಸಮಿತಿಯವರು ಕಿವಿಗೆ ಹತ್ತಿ ಇಟ್ಟುಕೊಂಡು ಸುತ್ತಿ, ತಲಾ ಒಂದು ಥಾನು ಬಟ್ಟೆ ಕಂಕುಳಲ್ಲಿಟ್ಟುಕೊಂಡು ಹೊರಬಂದರು. ವರದಿ ಹೀಗಿತ್ತು: "ಗಿರಣಿಯು ಸ್ಥಗಿತಗೊಂಡಿರುತ್ತದೆ. ಸದರಿ ವಿಷಯ ಕಾರ್ಮಿಕರ ಗಮನಕ್ಕೆ ಬಂದಿರುವುದಿಲ್ಲ. ಹದಿನೈದು ದಿನದೊಳಗೆ ಹೊಗೆ ಕಾಣದಿದ್ದಲ್ಲಿ ಪರವಾನಗಿ ರದ್ದುಪಡಿಸತಕ್ಕದ್ದು."

ಗಿರಣಿಯ ಮ್ಯಾನೇಜರು ಗುಮಾಸ್ತನ ಮನೆಗೆ ಓಡಿಬಂದರು.

"ಅಣ್ಣಾ, ನಾನೂರು ಸಂಸಾರ. ಒಂದು ಮೂರು ಅಂತ ಬರ್ದುಬಿಡಿ."

"ಕಾಣದ್ದು ಬರೆಯೋಲ್ಲ."

"ನಿಮ್ಮ ರಟ್ಟಿಗಿಷ್ಟು ಬೆಂಕಿ ಹಾಕ! ನಾನೇನು ಟೈರು ಸುಡ್ಲಾ?"

ಗುಮಾಸ್ತ ಯೋಚಿಸಿದ. ಸುಳ್ಳು ಅವನ ಬಾಯಿಗೆ ಬರುವುದಿಲ್ಲ. "ಯಾವುದರ ಹೊಗೆ ಅಂತ ನಿಯಮದಲ್ಲಿಲ್ಲ," ಎಂದ.

ಒಳಗಿನಿಂದ ಹೆಂಡತಿ ಇಣುಕಿ ನೋಡಿದಳು.

ಮರುದಿನವೇ ಚಿಮಣಿಯ ಬುಡದಲ್ಲಿ ಟೈರು ಸುಡುವ ವಿಭಾಗ ಶುರುವಾಯಿತು. ಇಪ್ಪತ್ತು ಜನಕ್ಕೆ ಹೊಸದಾಗಿ ಕೆಲಸ ಸಿಕ್ಕಿತು. ಹಳೇ ಟೈರು ಮುಗಿದ ಮೇಲೆ ಹೊಸ ಟೈರು ತರಿಸಿದರು. ಇದರಿಂದ ಟೈರು ಕಾರ್ಖಾನೆಯೂ ಪ್ರಗತಿ ಹೊಂದಿತು. ಗುಮಾಸ್ತ ತಾರಸಿಯ ಮೇಲೆ ರಟ್ಟು ಹಿಡಿದು ನೋಡಿದ. ಐದು ಬರೆದ.

ಪ್ರಕಟಣೆ ಹೊರಬಿತ್ತು: "ನಗರವು ಮೊದಲ ಬಾರಿಗೆ ಐದನೇ ಬಣ್ಣ ಮುಟ್ಟಿದೆ. ನಾಗರಿಕರು ಒಗೆದ ಬಟ್ಟೆಗಳನ್ನು ಹೊರಗೆ ಹರವಿ ಪ್ರಗತಿಯನ್ನು ಸ್ವತಃ ಖಚಿತಪಡಿಸಿಕೊಳ್ಳಬಹುದು."

ಹೆಂಡತಿ ಈಗ ಮೂರು ಮೆಟ್ಟಿಲಿಗೊಮ್ಮೆ ಕೂರುತ್ತಾಳೆ. ಹೊಗೆ ಇಲ್ಲದ ಊರಿಗೆ ಹೋಗದಿದ್ದರೆ ಕಷ್ಟ ಎಂದರು ಡಾಕ್ಟರು. ಗುಮಾಸ್ತ ವರ್ಗಾವಣೆ ಕೇಳಿದ.

ಮೇಲಧಿಕಾರಿ ಫೈಲು ತಿರುವಿದರು. "ಒಂದೂರಿದೆ. ಹತ್ತು ವರ್ಷದಿಂದ ಬರೀ ಸೊನ್ನೆ. ಅಲ್ಲಿಗೆ ಶಿಕ್ಷೆ ಅಂತ ಮಾತ್ರ ಕಳಿಸ್ತೀವಿ. ನೀವೇನು ತಪ್ಪು ಮಾಡಿದ್ದೀರಿ?"

"ಏನೂ ಇಲ್ಲ ಸಾರ್."

"ಮತ್ತೆ?"

ಗುಮಾಸ್ತ ಅರ್ಜಿ ವಾಪಸು ತೆಗೆದುಕೊಂಡ. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಕಿಟಕಿ ಮುಚ್ಚಿ ಬಂದು ಕೂತಳು. ಮಾತು ಮುಗಿಸಲು ನಾಲ್ಕು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

"ಹೋಗ್ಲಿ ಬಿಡಿ. ಹತ್ತು ವರ್ಷದಿಂದ ಸೊನ್ನೆಯಂತೆ. ಪಾಪ, ಅಲ್ಲಿಯವರು ಹೇಗೆ ಬದುಕಿದ್ದಾರೋ!"